ಎರಡು ಕೊಂಬಿನ ಗೆರೆ

ಅಕ್ಕನಿಗೆ ತಮ್ಮ ಕಣ್ಣಿನ ಮೇಲೆ ನಂಬಿಕೆ ಇರಲಿಲ್ಲ. ಕಣ್ಣು ಮಂಜಾಗಿತ್ತು ಎಂದಲ್ಲ. ನಿವೃತ್ತರಾದ ಮೇಲೂ ಸಿಡ್ನಿಯ ವೆಸ್ಟ್‌ಮೀಡ್ ಸ್ಟೇಷನ್ನಿನಲ್ಲಿ ನಿಂತು ಆಚೆ ಪ್ಲಾಟ್‌ಫಾರಮ್ಮಿನ ಬೋರ್ಡನ್ನು ಕನ್ನಡಕವಿಲ್ಲದೆ ಓದುತ್ತಿದ್ದರು. ಅವರ ತಕರಾರು ಬೇರೆ. ಕಣ್ಣಿಗೆ ಆಸೆ ಇರುತ್ತದೆ, ಆಸೆ ಇರುವ ಕಣ್ಣು ತನಗೆ ಬೇಕಾದದ್ದನ್ನೇ ನೋಡುತ್ತದೆ ಎಂದು ಅವರು ಹೇಳುತ್ತಿದ್ದರು. ಅದಕ್ಕಾಗಿ, ಖಗೋಳ ವಿಜ್ಞಾನಿಯಾಗಿ ತಾವು ಜೀವಮಾನವಿಡೀ ನೋಡುತ್ತಿದ್ದ ಒಂದು ನಕ್ಷತ್ರದ ಹೊಸ ಚಿತ್ರಗಳು ದೂರದರ್ಶಕದಿಂದ ಬಂದಾಗಲೆಲ್ಲ ಮೊದಲು ಬೇರೊಬ್ಬರ ಕೈಗೆ ಕೊಟ್ಟು, ಅದರಲ್ಲಿ ಸುಳ್ಳು ಚಿತ್ರಗಳನ್ನು ಸೇರಿಸಿ ಕಲಸಿ ಕೊಡಿ ಎನ್ನುತ್ತಿದ್ದರು. ಯಾವುದು ನಿಜ, ಯಾವುದು ಸುಳ್ಳು ಎಂದು ಗೊತ್ತಿಲ್ಲದೆ ಪ್ರತಿಯೊಂದನ್ನೂ ನೋಡಿ, 'ಐತಿ' ಅಥವಾ 'ಇಲ್ಲ' ಎಂದು ಹೇಳಿ ಮುಗಿಸಿದ ಮೇಲೆಯೇ ಗುಟ್ಟು ಬಿಚ್ಚಬೇಕು. ಹಾಗೆ ಕಲಸಿ ಕೊಡುವ ಕೆಲಸ ನನ್ನದಾಗಿತ್ತು. ನನ್ನನ್ನು 'ಕಲಬೆರಕಿ' ಎಂದೇ ಕರೆಯುತ್ತಿದ್ದರು. ಜನರ ಮುಂದೆಯೂ ಕರೆದು, ಯಾಕೆ ಹಾಗೆ ಕರೆದೆ ಎಂದು ವಿವರಿಸುವ ಗೋಜಿಗೆ ಹೋಗುತ್ತಿರಲಿಲ್ಲ. ನಾನು ಹಾಲಿಗೆ ನೀರು ಬೆರೆಸುವವಳೋ ಎಂಬಂತೆ ಜನ ನನ್ನ ಮುಖ ನೋಡುತ್ತಿದ್ದರು.

ಹೋದ ಚಳಿಗಾಲದಲ್ಲಿ ಅಕ್ಕ ತೀರಿಕೊಂಡರು. ಅವರ ವಿಭಾಗದವರು ಒಂದು ಸಭೆ ಮಾಡಿದರು. ಒಳ್ಳೆಯ ಮಾತುಗಳನ್ನೇ ಆಡಿದರು. ಶ್ರದ್ಧೆ, ಪ್ರಾಮಾಣಿಕತೆ, ಸರಳತೆ ಎಂದರು. ಯಾವುದೂ ಸುಳ್ಳಲ್ಲ, ಆದರೆ ಆ ಮಾತುಗಳನ್ನು ಯಾರ ಫೋಟೋದ ಕೆಳಗೆ ಬೇಕಾದರೂ ಬರೆಯಬಹುದಿತ್ತು. ಕೇಳುತ್ತ ಕೂತಿದ್ದ ನನಗೆ ಸಿಟ್ಟು ಬಂತು. ಅದಕ್ಕೇ ನನಗೆ ಗೊತ್ತಿರುವ ಅಕ್ಕನ ಬಗ್ಗೆ ನಾಲ್ಕು ಮಾತು ಬರೆಯುತ್ತಿದ್ದೇನೆ.

ನಾನು ಉಡುಪಿ ಕಡೆಯವಳು, ಮನೆಮಾತು ತುಳು. ಅವರು ಧಾರವಾಡದವರು. ಓದಲೆಂದು ಸಿಡ್ನಿಗೆ ಬಂದ ಹೊಸದರಲ್ಲಿ ವೆಸ್ಟ್‌ಮೀಡಿನ ಒಂದು ಫ್ಲಾಟಿನಲ್ಲಿ ಇನ್ನಿಬ್ಬರು ಹುಡುಗಿಯರ ಜೊತೆ ರೆಂಟಿಗಿದ್ದೆ. ಅದೇ ಬೀದಿಯ ಇನ್ನೊಂದು ಕಟ್ಟಡದಲ್ಲಿ ನನ್ನ ಪ್ರೊಫೆಸರ್ ಇದ್ದಾರೆ, ಅವರು ಕನ್ನಡದವರು ಎಂದು ತಿಳಿದದ್ದು ಟ್ರೈನಿನಲ್ಲಿ. ಪ್ರೊಫೆಸರ್ ನನ್ನ ಪಕ್ಕದಲ್ಲೇ ಕೂತು ಫೋನಿನಲ್ಲಿ ಮಗಳನ್ನು ಕನ್ನಡದಲ್ಲಿ ಗದರಿಸುತ್ತಿದ್ದರು, ಮಗಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿರುವುದು ನನಗೂ ಕೇಳುತ್ತಿತ್ತು. ಈ ದೇಶದಲ್ಲಿ ಎಲ್ಲರೂ ಎಲ್ಲರನ್ನೂ ಹೆಸರು ಹಿಡಿದೇ ಕರೆಯುತ್ತಾರೆ. ನನ್ನಿಂದ ಅದು ಆಗಲಿಲ್ಲ, ಮೇಡಂ ಎಂದೆ. ಮೇಡಂ ಅಂದರೆ ಸಾಲಿ ಬಾಯಾರ, ಅಂದರೆ ಶಾಲೆಯ ಟೀಚರ್, ಆದಂತೆ ಅನ್ನಿಸುತ್ತದೆ, ಅಕ್ಕ ಅನ್ನು ಎಂದರು. ಅಂದಿನಿಂದ ಅವರು ನನಗೆ ಅಕ್ಕ. ಹೆಸರು ಬಾಯಿಗೆ ಬಂದದ್ದೇ ಇಲ್ಲ, ಈಗಲೂ ಬರುವುದಿಲ್ಲ.

ಅವರ ಯಜಮಾನರು ಅಲ್ಲಿಯ ಆಸ್ಪತ್ರೆಯೊಂದರಲ್ಲಿ ಡಾಕ್ಟರಾಗಿದ್ದರಂತೆ. ನಾನು ಬರುವ ಮೊದಲೇ ಹೃದಯಾಘಾತವಾಗಿ ಹೋಗಿದ್ದರು. ಡ್ಯೂಟಿಗೆ ಹತ್ತಿರವಾಗಲೆಂದು ಹಿಡಿದಿದ್ದ ಆ ಬಾಡಿಗೆ ಫ್ಲಾಟನ್ನು ಅಕ್ಕ ಬಿಡಲಿಲ್ಲ. ಮಗಳು ದೊಡ್ಡವಳಾಗಿ, ಅಕೌಂಟೆಂಟ್ ಆಗಿ, ಮದುವೆಯಾಗಿ ಕೆಲ್ಲಿವಿಲ್‌ನಲ್ಲಿ ದೊಡ್ಡ ಮನೆ ಕಟ್ಟಿಸಿ ಕರೆದರೂ ಹೋಗಲಿಲ್ಲ. ಆ ಫ್ಲಾಟಿನಲ್ಲಿ ಭಾನುವಾರ ಬೆಳಿಗ್ಗೆ ಜೋಳದ ರೊಟ್ಟಿ ಬಡಿಯುವ ಸದ್ದಿಗೆ ಕೆಳಗಿನ ಮನೆಯವರು ಕಂಪ್ಲೇಂಟ್ ಕೊಟ್ಟಿದ್ದರು, ಮೇಲೆ ಯಾರೋ ರಿನೋವೇಶನ್ ಮಾಡುತ್ತಿದ್ದಾರೆ ಎಂದು. ಅಕ್ಕ ಬಿಸಿ ರೊಟ್ಟಿಗೆ ಬೆಣ್ಣೆ ಹಚ್ಚಿಕೊಂಡು ಹೋಗಿ ಅವರಿಗೆ ಕೊಟ್ಟು, ರಿನೋವೇಶನ್ ಇದೇ ಎಂದು ಹೇಳಿ ಬಂದರು. ಮುಂದೆ ಹಲಗೆಯ ಕೆಳಗೆ ಟವೆಲ್ ಮಡಚಿಟ್ಟುಕೊಂಡು ಬಡಿಯತೊಡಗಿದರು. ಟವೆಲ್ ಇಟ್ಟರೆ ರೊಟ್ಟಿ ಹರಿಯುತ್ತದೆ ಎಂದು ಪ್ರತಿ ವಾರ ಗೊಣಗುತ್ತಿದ್ದರು.

ಇನ್ನು ಅವರ ನಕ್ಷತ್ರದ ವಿಷಯ. ಅದನ್ನು ಹೇಳದೆ ಅಕ್ಕನನ್ನು ಹೇಳಿದಂತೆ ಆಗುವುದಿಲ್ಲ.

ದೊಡ್ಡ ನಕ್ಷತ್ರವೊಂದು ಸಿಡಿದು ಸತ್ತ ಮೇಲೆ ಒಮ್ಮೊಮ್ಮೆ ನಡುವಿನ ಗಟ್ಟಿ ಬೀಜ ಉಳಿಯುತ್ತದೆ. ಅಗಲದಲ್ಲಿ ಒಂದು ಊರಿನಷ್ಟು, ತೂಕದಲ್ಲಿ ಸೂರ್ಯನಿಗಿಂತ ಹೆಚ್ಚು. ಅದು ನ್ಯೂಟ್ರಾನ್ ನಕ್ಷತ್ರ. ಅದಕ್ಕೊಂದು ಜೋಡಿ ನಕ್ಷತ್ರವಿದ್ದು, ಎರಡೂ ಹತ್ತಿರ ಹತ್ತಿರ ಸುತ್ತುತ್ತಿದ್ದರೆ, ಜೋಡಿಯ ಅನಿಲವನ್ನು ಇದು ತನ್ನ ಕಡೆ ಎಳೆದುಕೊಳ್ಳುತ್ತದೆ. ಎಳೆದ ಅನಿಲ ನೇರವಾಗಿ ಬೀಳುವುದಿಲ್ಲ. ಸುತ್ತುತ್ತ ಸುತ್ತುತ್ತ ಚಪ್ಪಟೆಯಾಗಿ ಹರಡಿಕೊಂಡು ನಿಧಾನವಾಗಿ ಒಳಗಿಳಿಯುತ್ತದೆ. ಹಾಗೆ ಹರಡಿಕೊಂಡದ್ದಕ್ಕೆ ಅಕ್ರೀಶನ್ ಡಿಸ್ಕ್ ಎನ್ನುತ್ತಾರೆ. ಅಕ್ಕ ಅದನ್ನು 'ಗಂಗಾಳ' ಎನ್ನುತ್ತಿದ್ದರು, ಅವರ ಕಡೆ ಊಟದ ತಾಟಿಗೆ ಹೇಳುವ ಹೆಸರು. ವಿದ್ಯಾರ್ಥಿಗಳಿಗೂ ಅಭ್ಯಾಸವಾಗಿ, ಚೀನಾದ ಹುಡುಗನೊಬ್ಬ ಸೆಮಿನಾರಿನಲ್ಲಿ ಗಂಭೀರವಾಗಿ 'ಗಂಗಾಲಾ' ಎಂದು ಹೇಳಿದ್ದನ್ನು ನಾನೇ ಕೇಳಿದ್ದೇನೆ.

ಅಷ್ಟು ದೂರದ ಗಂಗಾಳ ಯಾವ ದೂರದರ್ಶಕಕ್ಕೂ ಗಂಗಾಳವಾಗಿ ಕಾಣುವುದಿಲ್ಲ. ಕಾಣುವುದು ಒಂದು ಚುಕ್ಕೆ. ಚುಕ್ಕೆಯ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ, ಅದರಲ್ಲಿ ಹೈಡ್ರೋಜನ್ನಿನ ಗೆರೆ ಹೇಗಿದೆ ಎಂದು ನೋಡಬೇಕು. ಗ್ರಾಫಿನಲ್ಲಿ ಆ ಗೆರೆ ಒಂದು ಗುಡ್ಡದಂತೆ ಮೇಲೇಳುತ್ತದೆ. ನನಗೆ ಇದನ್ನು ಅಕ್ಕ ತಿಳಿಸಿಕೊಟ್ಟದ್ದು ಮನೆಯ ಹತ್ತಿರದ ಪಾರ್ಕಿನಲ್ಲಿ, ಮಕ್ಕಳು ಕೂತು ತಿರುಗುವ ಚಕ್ರದ ಮುಂದೆ ನಿಲ್ಲಿಸಿ. "ನೋಡವಾ, ಈ ಕಡೆ ಕುಂತ ಹುಡುಗ ನಮ್ಮ ಕಡೆ ಬರಾಕತ್ತಾನ, ಆ ಕಡೆ ಕುಂತಾಂವ ದೂರ ಹೋಗಾಕತ್ತಾನ. ಗಂಗಾಳನೂ ಹಂಗ. ಬರೂ ಬೆಳಕು ಒಂದಿಷ್ಟು ನೀಲಿ ಕಡೆ ಸರೀತೈತಿ, ಹೋಗೂ ಬೆಳಕು ಕೆಂಪಿನ ಕಡೆ. ಒಂದ ಗೆರಿ ಒಡದು ಎರಡು ಕೊಂಬು ಮೂಡ್ತಾವು. ಕೊಂಬು ಕಂಡ್ರ ಗಂಗಾಳ ಐತಿ. ಇಲ್ಲಾಂದ್ರ ಇಲ್ಲ." ಅಷ್ಟೇ ಅವರ ವಿಜ್ಞಾನ ಎಂದು ನಾನು ತಮಾಷೆ ಮಾಡುತ್ತಿದ್ದೆ. ಅಷ್ಟರಲ್ಲೇ ಅವರ ಆಯುಸ್ಸು ಕಳೆಯಿತು.

ವಿದ್ಯಾರ್ಥಿನಿಯಾಗಿದ್ದಾಗ ಅಕ್ಕ ನ್ಯೂ ಸೌತ್ ವೇಲ್ಸಿನ ಒಳನಾಡಿನ ಒಂದು ದೂರದರ್ಶಕದಲ್ಲಿ ಅಂಥ ಒಂದು ಜೋಡಿಯ ಬೆಳಕನ್ನು ಹಿಡಿದಿದ್ದರು. ಎರಡು ಕೊಂಬು ಸ್ಪಷ್ಟವಾಗಿ ಕಂಡಿತ್ತು. ಪ್ರಬಂಧ ಪ್ರಕಟವಾಯಿತು, ಹೆಸರು ಬಂತು, ಆ ಹೆಸರಿನ ಮೇಲೆಯೇ ಕೆಲಸವೂ ಸಿಕ್ಕಿತು. ಮರುವರ್ಷ ನೋಡಿದರೆ ಕೊಂಬುಗಳಿಲ್ಲ. ಬದಲಾಗಿ ರೇಡಿಯೋ ದೂರದರ್ಶಕದವರಿಗೆ ಆ ನ್ಯೂಟ್ರಾನ್ ನಕ್ಷತ್ರದ ಮಿಡಿತ ಕೇಳಿಸಿತು. ಗಂಗಾಳ ಕಳಚಿಹೋದ ಮೇಲೆ ಮಿಡಿತ ಕೇಳಿಸುವುದುಂಟು. ಕೆಲವು ಜೋಡಿಗಳಲ್ಲಿ ಗಂಗಾಳ ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ. ಅಕ್ಕನ ಜೋಡಿಯೂ ಅಂಥದೇ ಎಂದು ಅವರು ಬರೆದರು.

ಆಗ ಬೇರೊಂದು ತಂಡದವರು ಒಂದು ಪ್ರಶ್ನೆ ಎತ್ತಿದರು. ನಕ್ಷತ್ರದ ಬೆಳಕನ್ನು ಕೂದಲಿನಷ್ಟು ತೆಳುವಾದ ಸೀಳಿನ ಮೂಲಕ ಒಳಗೆ ಬಿಡುತ್ತಾರೆ. ಅಕ್ಕನ ನಕ್ಷತ್ರಕ್ಕೆ ಅಂಟಿಕೊಂಡಂತೆ ಇನ್ನೊಂದು ಮಂಕು ಚುಕ್ಕೆ ಇದೆ, ಅದೂ ಒಂದು ಜೋಡಿ, ಅದರಲ್ಲಿ ನ್ಯೂಟ್ರಾನ್ ನಕ್ಷತ್ರವಿಲ್ಲ, ಬೇರೆ ಬಗೆಯ ಸತ್ತ ನಕ್ಷತ್ರ, ಆದರೆ ಅದಕ್ಕೆ ಯಾವಾಗಲೂ ಗಂಗಾಳ ಇರುತ್ತದೆ. ಸೀಳು ಒಂದಿಷ್ಟು ಸರಿದು ಪಕ್ಕದ ಮನೆಯ ಬೆಳಕು ಬಂದಿದ್ದರೆ? ಆ ದಿನ ಸೀಳು ಯಾವ ಚುಕ್ಕೆಯ ಮೇಲಿತ್ತು ಎಂದು ತೋರಿಸುವ ಚಿತ್ರವನ್ನು ಯಾರೂ ಉಳಿಸಿರಲಿಲ್ಲ. ಆಗಿನ ಕಾಲಕ್ಕೆ ಉಳಿಸುವ ಪದ್ಧತಿಯೂ ಇರಲಿಲ್ಲ. ಬೇರೆಯವರಾಗಿದ್ದರೆ ಜಗಳಕ್ಕೆ ನಿಲ್ಲುತ್ತಿದ್ದರು. ಅಕ್ಕ ಒಪ್ಪಿಕೊಂಡು ಬರೆದರು: ಇರಬಹುದು, ನನಗೆ ಗೊತ್ತಿಲ್ಲ.

ಯಾಕೆ ಹಾಗೆ ಬರೆದಿರಿ ಎಂದು ನಾನೊಮ್ಮೆ ಕೇಳಿದ್ದೆ. ಆ ದಿನ ಕೊಂಬು ಕಾಣಲೇಬೇಕು ಎಂದು ಜೀವ ಹಾತೊರೆಯುತ್ತಿತ್ತು, ಸೀಳು ಸರಿಯಾಗಿದೆಯೇ ಎಂದು ಇನ್ನೊಮ್ಮೆ ನೋಡಲು ಕಣ್ಣು ಒಲ್ಲೆ ಎಂದಿತು ಎಂದರು. ಅಂದಿನಿಂದ ಅವರಿಗೆ ಬೇಕಿದ್ದದ್ದು ಒಂದೇ. ಗಂಗಾಳ ಇನ್ನೊಮ್ಮೆ ಬರಬೇಕು, ಸೀಳು ಸರಿಯಾದ ಚುಕ್ಕೆಯ ಮೇಲಿರುವಾಗ ಬರಬೇಕು, ಆಸೆಯಿಲ್ಲದ ಕಣ್ಣಿನಿಂದ ಅದನ್ನು ನೋಡಬೇಕು. ಪ್ರತಿ ವರ್ಷ ಆ ನಕ್ಷತ್ರ ಕಾಣುವ ತಿಂಗಳುಗಳಲ್ಲಿ ದೂರದರ್ಶಕದ ಸಮಯಕ್ಕೆ ಅರ್ಜಿ ಹಾಕುತ್ತಿದ್ದರು. ಒಮ್ಮೆ ಸಿಗುತ್ತಿತ್ತು, ಒಮ್ಮೆ ಸಿಗುತ್ತಿರಲಿಲ್ಲ, ಸಿಕ್ಕಾಗ ಮೋಡ. ಆ ತಿಂಗಳುಗಳಲ್ಲಿ ಧಾರವಾಡದ ಮದುವೆ ಮುಂಜಿ ಯಾವುದಕ್ಕೂ ಹೋಗುತ್ತಿರಲಿಲ್ಲ. ಅಲ್ಲಿಯ ನೆಂಟರು ಇವರಿಗೆ ದೊಡ್ಡಸ್ತಿಕೆ ಬಂದಿದೆ ಎಂದು ತೀರ್ಮಾನಿಸಿದ್ದರು.

ನನಗೆ ಕೊಟ್ಟ ಮೊದಲ ಕೆಲಸವೇ ಸುಳ್ಳು ಗಂಗಾಳ ಮಾಡುವುದು. ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಎರಡು ಚೆಂದದ ಕೊಂಬುಗಳನ್ನು ಮೂಡಿಸಿ ನಿಜವಾದ ಚಿತ್ರಗಳ ನಡುವೆ ಸೇರಿಸಿದೆ. ಅಕ್ಕ ಒಂದು ನೋಟದಲ್ಲೇ ಅದನ್ನು ಹೊರಗೆಳೆದರು.

"ಇದು ನೀ ಹಾಕಿದ್ದು. ದೇವರು ಇಷ್ಟು ಚೊಕ್ಕ ಕೆಲಸ ಮಾಡಂಗಿಲ್ಲ."

ಆಮೇಲೆ ಕಲಿತೆ. ಒಂದು ಕೊಂಬು ಎತ್ತರ, ಇನ್ನೊಂದು ಗಿಡ್ಡ ಇರಬೇಕು, ಯಾಕೆಂದರೆ ಜೋಡಿಯಿಂದ ಅನಿಲ ಬಂದು ಬೀಳುವ ಜಾಗ ಹೆಚ್ಚು ಹೊಳೆಯುತ್ತದೆ. ಗೆರೆಯ ಮೇಲೆಲ್ಲ ಸಣ್ಣಸಣ್ಣ ಏರಿಳಿತಗಳ ಕಲಮಲ ಇರಬೇಕು. ಅಲ್ಲೊಂದು ಇಲ್ಲೊಂದು ಹಾಳು ಚುಕ್ಕೆ ಬಿದ್ದಿರಬೇಕು. ಕೆಲವು ವರ್ಷ ಹೋದ ಮೇಲೆ ನನ್ನ ಸುಳ್ಳುಗಳು ಎಷ್ಟು ಪಕ್ವವಾದವೆಂದರೆ, ಅಕ್ಕ ಅವುಗಳನ್ನು ನೋಡಿ 'ಐತಿ' ಎಂದು ಹೇಳಿ, ಉಸಿರು ಬಿಗಿಹಿಡಿದು ನನ್ನ ಕಡೆ ನೋಡುತ್ತಿದ್ದರು. ನಾನು ಅಲ್ಲ ಎಂದು ತಲೆಯಾಡಿಸಬೇಕಾಗುತ್ತಿತ್ತು. ಆ ಕ್ಷಣ ನನಗೆ ಯಾವತ್ತೂ ಇಷ್ಟವಾಗಲಿಲ್ಲ. ಅವರ ಮುಖ ಸಣ್ಣದಾಗುತ್ತಿತ್ತು, ಮರುಕ್ಷಣ "ಛಲೋ ಮಾಡೀ ಬಿಡು" ಎಂದು ನನ್ನ ಕೆಲಸವನ್ನು ಹೊಗಳುತ್ತಿದ್ದರು. ಅವರ ಜೀವನದಲ್ಲಿ ಅತಿ ಹೆಚ್ಚು ಸಲ ಆಸೆ ಹುಟ್ಟಿಸಿ ಕಿತ್ತುಕೊಂಡವಳು ನಾನೇ. ಅದು ಅವರೇ ಹೇಳಿ ಮಾಡಿಸಿಕೊಂಡ ಕೆಲಸ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ.

ಈ ಚಟ ಅವರಿಗೆ ನಕ್ಷತ್ರಕ್ಕಷ್ಟೇ ಇರಲಿಲ್ಲ. ಧಾರವಾಡದ ಪೇಢೆಯ ಮುಂದೆ ಬೇರೆ ಯಾವ ಪೇಢೆಯೂ ಇಲ್ಲ, ಕಣ್ಣು ಮುಚ್ಚಿ ತಿಂದರೂ ಹೇಳುತ್ತೇನೆ ಎಂದು ಅವರು ಒಮ್ಮೆ ಕೊಚ್ಚಿಕೊಂಡರು. ಊರಿಂದ ಬಂದ ಪೇಢೆಯನ್ನೂ ಇಲ್ಲಿಯ ಇಂಡಿಯನ್ ಅಂಗಡಿಯದನ್ನೂ ನಾನು ಎರಡು ತಟ್ಟೆಯಲ್ಲಿಟ್ಟು, ನಿಜವಾಗಿ ಕಣ್ಣು ಮುಚ್ಚಿಸಿಯೇ ತಿನ್ನಿಸಿದೆ. ಅಕ್ಕ ಅಂಗಡಿಯ ಪೇಢೆಯನ್ನು ತಿಂದು, ಇದು ನಮ್ಮೂರಿನದು ಎಂದರು. ಬಾಯಲ್ಲಿ ಇಟ್ಟ ಕೂಡಲೇ ಅಪ್ಪನ ನೆನಪು ಬಂತು ಎಂದೂ ಸೇರಿಸಿದರು. ನಾನು ನಿಜ ಹೇಳಿದಾಗ ನಕ್ಕು ನಕ್ಕು ಕೆಮ್ಮು ಬಂದು ನೀರು ಕುಡಿಸಬೇಕಾಯಿತು. ಅಂದಿನಿಂದ ಆ ಅಂಗಡಿಯದನ್ನೇ ತರಿಸತೊಡಗಿದರು. ಊರಿನಿಂದ ಬಂದವರಿಗೂ ಅದನ್ನೇ ಕೊಟ್ಟು, ಪರೀಕ್ಷೆಯಲ್ಲಿ ಪಾಸಾದ ಪೇಢೆ ಎನ್ನುತ್ತಿದ್ದರು.

ಕನ್ನಡದವರ ಒಂದು ಕಾರ್ಯಕ್ರಮದಲ್ಲಿ ಮಕ್ಕಳಿಗೆ ಬಾಹ್ಯಾಕಾಶದ ಬಗ್ಗೆ ಸ್ಫೂರ್ತಿ ತುಂಬುವಂತೆ ಮಾತನಾಡಿ ಎಂದು ಅಕ್ಕನನ್ನು ಕರೆದಿದ್ದರು. ತಂದೆತಾಯಿಗಳು ಮಕ್ಕಳನ್ನು ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ನಿರೂಪಕರು ನೀವು ಏನು ಕಂಡುಹಿಡಿದಿದ್ದೀರಿ ಮೇಡಂ ಎಂದು ಕೇಳಿದಾಗ ಅಕ್ಕ ಮೈಕಿನಲ್ಲಿ, ಒಂದು ಸಾರಿ ಏನೋ ಕಂಡಿತ್ತು, ಹೌದೋ ಅಲ್ಲವೋ ಇನ್ನೂ ನೋಡುತ್ತಿದ್ದೇನೆ ಎಂದರು. ನಿರೂಪಕರು ಚಪ್ಪಾಳೆ ತಟ್ಟಿಸಬೇಕೋ ಬೇಡವೋ ಗೊತ್ತಾಗದೆ ಊಟಕ್ಕೆ ಬಿಟ್ಟರು. ಅಕ್ಕನಿಗೆ ಬೇಜಾರೇನೂ ಆಗಲಿಲ್ಲ. ಬಿಸಿಬೇಳೆಬಾತ್ ಎರಡನೆಯ ಸಲ ಹಾಕಿಸಿಕೊಂಡರು.

ನಾನು ಓದು ಮುಗಿಸಿ, ಮದುವೆಯಾಗಿ, ಖಗೋಳವನ್ನೇ ಬಿಟ್ಟು ಮೆಲ್ಬರ್ನ್ ಸೇರಿದೆ. ನಕ್ಷತ್ರ ನೋಡಿಕೊಂಡಿದ್ದರೆ ಇಲ್ಲಿ ಕಾಯಂ ನೆಲೆಸುವ ಪಿಆರ್ ಬರುವುದಿಲ್ಲ, ಮನೆಸಾಲದ ಮಾರ್ಟ್‌ಗೇಜ್ ಕಟ್ಟಲಾಗುವುದಿಲ್ಲ. ವಿಂಡಮ್ ವೇಲ್‌ನಲ್ಲಿ ಹೊಸ ಮನೆ, ವಿಮಾ ಕಂಪನಿಯೊಂದರಲ್ಲಿ ಡೇಟಾ ಕೆಲಸ. ಬಿಡುವ ವಿಷಯ ಹೇಳಲು ಅಂಜಿಕೊಂಡೇ ಹೋಗಿದ್ದೆ. ಅಕ್ಕ ಬೈಯಲಿಲ್ಲ. ಎಲ್ಲಿಗೆ ಬೇಕಾದರೂ ಹೋಗು, ಕಲಸುವುದನ್ನು ಮಾತ್ರ ಬಿಡಬೇಡ ಎಂದರು. ಬಿಡಲಿಲ್ಲ. ಈಗಂತೂ ದೂರದರ್ಶಕದ ಹತ್ತಿರ ಯಾರೂ ಹೋಗಬೇಕಿಲ್ಲ. ಚಿತ್ರಗಳು ವಿಭಾಗದ ಒಬ್ಬ ಯುವ ಸಹೋದ್ಯೋಗಿಯಿಂದ ನೇರವಾಗಿ ನನಗೆ ಬರುತ್ತಿದ್ದವು. ಹಳೆಯ ವರ್ಷಗಳ ಕೊಂಬಿಲ್ಲದ ಚಿತ್ರಗಳು ಕೆಲವು, ನನ್ನ ಸುಳ್ಳುಗಳು ಕೆಲವು ಸೇರಿಸಿ, ಹೆಸರು ಅಳಿಸಿ ಅಕ್ಕನಿಗೆ ಕಳಿಸುತ್ತಿದ್ದೆ. ನಾನು ಕೆಲಸಕ್ಕೆ ಹೋಗುವ ಟ್ರೈನಿನಲ್ಲಿರುವಾಗ ಅವರ ಫೋನ್ ಬರುತ್ತಿತ್ತು. ಒಂದೊಂದಾಗಿ ಹೇಳುತ್ತಾ ಹೋಗುವರು, ಇಲ್ಲ, ಇಲ್ಲ, ಇದರಾಗ ಐತಿ, ಇಲ್ಲ. ಸಿಗ್ನಲ್ ಹೋದರೆ ಮೊದಲಿನಿಂದ ಶುರು. ನಾನು ಬಾಯ್ತಪ್ಪಿ ಉಂಟು ಎಂದರೆ, ನಿಮ್ಮ ಉಡುಪಿಯವರಿಗೆ ಎಲ್ಲಾನೂ ಉಂಟು, ನನ್ನ ಗೆರಿಯೊಳಗ ಮಾತ್ರ ಇಲ್ಲ ನೋಡು ಎಂದು ನಗುವರು. ನನ್ನ ಪಕ್ಕ ಕೂತವರು ಏನೆಂದುಕೊಂಡರೋ.

ರೇಡಿಯೋ ಮಿಡಿತ ನಿಂತಿತಂತೆ, ಗಂಗಾಳ ಮರಳಿರಬೇಕು ಎಂದು ಒಂದೆರಡು ಸಲ ಸುದ್ದಿ ಬಂತು. ಜೋಡಿಯಿಂದ ಹಾರಿದ ಅನಿಲ ಅಡ್ಡ ಬಂದರೂ ಮಿಡಿತ ಮರೆಯಾಗುತ್ತದೆ, ಅದು ಸಾಕ್ಷಿಯಲ್ಲ ಎಂದು ಅಕ್ಕನೇ ಸುದ್ದಿ ತಂದವರಿಗೆ ಸಮಾಧಾನ ಹೇಳುತ್ತಿದ್ದರು. ಅವರಿಗೆ ಬೇಕಾದದ್ದು ಕೊಂಬು.

ಆಮೇಲೆ ಕಾಯಿಲೆ ಬಂತು. ಗೊತ್ತಾಗುವಷ್ಟರಲ್ಲಿ ಎಲ್ಲ ಕಡೆ ಹಬ್ಬಿತ್ತು. ಫ್ಲಾಟ್ ಬಿಡುವುದಿಲ್ಲ ಎಂದು ಹಟ ಹಿಡಿದವರನ್ನು ಮಗಳು ಕೊನೆಗೂ ಕೆಲ್ಲಿವಿಲ್‌ಗೆ ಕರೆದುಕೊಂಡು ಹೋದಳು. ಇನ್ನು ಆಸ್ಪತ್ರೆಯಲ್ಲಿ ಮಾಡುವುದೇನೂ ಇಲ್ಲ, ಮನೆಯಲ್ಲಿ ನೋವಿಲ್ಲದಂತೆ ನೋಡಿಕೊಳ್ಳಿ ಎಂದು ಡಾಕ್ಟರು ಹೇಳಿದ್ದರು. ಫೋನಿನಲ್ಲಿ ಅಕ್ಕನ ದನಿ ದಿನದಿಂದ ದಿನಕ್ಕೆ ಕುಗ್ಗುತ್ತಿತ್ತು. ಕೇಳುವ ಪ್ರಶ್ನೆ ಮಾತ್ರ ಒಂದೇ, ಈ ಸೀಸನ್ನಿನ ಚಿತ್ರ ಬಂದವೇ?

ಬಂದವು. ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ನೋಡಿದೆ. ಸೀಳು ಸರಿಯಾದ ಚುಕ್ಕೆಯ ಮೇಲೆಯೇ ಇತ್ತು, ಆಕಾಶ ತಿಳಿಯಾಗಿತ್ತು, ಅಷ್ಟು ಒಳ್ಳೆಯ ಚಿತ್ರಗಳು ಹಿಂದೆಂದೂ ಸಿಕ್ಕಿರಲಿಲ್ಲ. ಪ್ರತಿಯೊಂದರಲ್ಲೂ ಗೆರೆ ಒಂದೇ. ಕೊಂಬಿಲ್ಲ. ಆಮೇಲೆ ವಿಮಾನದ ಟಿಕೆಟ್ ಬುಕ್ ಮಾಡಿ, ಅಭ್ಯಾಸಬಲದಿಂದ ಕಲಸಿದೆ.

ಮೆಟ್ರೋ ಇಳಿದು ಅವರ ಮನೆ ತಲುಪಿದಾಗ ಮಧ್ಯಾಹ್ನ. ಮಗಳು ಬಾಗಿಲು ತೆರೆದು, ಅಮ್ಮ ಎಚ್ಚರವಾಗಿದ್ದಾಳೆ ಎಂದು ಹೇಳಿ, ನನ್ನನ್ನು ಒಳಗೆ ಬಿಡದೆ ಅಡುಗೆಮನೆಗೆ ಕರೆದೊಯ್ದಳು. ಚಿತ್ರದಲ್ಲಿ ಏನಿದೆ ಎಂದು ಕೇಳಿದಳು. ಇಲ್ಲ ಎಂದು ತಲೆಯಾಡಿಸಿದೆ. ನಾನು ಬಲ್ಲಂತೆ ಆ ಹುಡುಗಿ ತಾಯಿಯ ನಕ್ಷತ್ರದ ಬಗ್ಗೆ ಯಾವತ್ತೂ ಒಂದು ಪ್ರಶ್ನೆ ಕೇಳಿದವಳಲ್ಲ. ಚಿಕ್ಕಂದಿನಲ್ಲಿ ತನ್ನ ಸ್ಕೂಲ್ ಕಾನ್ಸರ್ಟ್‌ಗಳನ್ನು ತಿಂದುಹಾಕಿದ ನಕ್ಷತ್ರ ಅದು. ಈಗ ನನ್ನ ಎರಡೂ ಕೈ ಹಿಡಿದುಕೊಂಡಳು.

"ಜಸ್ಟ್ ಟೆಲ್ ಹರ್ ಇಟ್ಸ್ ಬ್ಯಾಕ್, ಆಂಟಿ. ಪ್ಲೀಸ್."

ಬಂದಿದೆ ಎಂದು ಹೇಳಿಬಿಡಿ ಎನ್ನುತ್ತಿದ್ದಳು. ಕಷ್ಟದ ಕೆಲಸವೂ ಆಗಿರಲಿಲ್ಲ. ನನ್ನ ಸುಳ್ಳುಗಳಿಗೆ ಅಕ್ಕ 'ಐತಿ' ಎಂದಾಗ, ಅವೇ ನಿಜವಾದವು ಎಂದರೆ ಮುಗಿಯಿತು. ಯಾರಿಗೆ ನಷ್ಟ? ಪ್ರಬಂಧ ಬರೆಯುವವರಿಲ್ಲ, ಕೇಳುವವರಿಲ್ಲ. ಇಷ್ಟು ವರ್ಷ ಕಾದವರು ಸಂತೋಷದಿಂದ ಕಣ್ಣು ಮುಚ್ಚಲಿ. ಹೇಳುತ್ತೇನೆ ಎಂದು ಮಗಳಿಗೆ ಮಾತು ಕೊಟ್ಟೆ.

ಅಕ್ಕ ಮಂಚದ ಮೇಲೆ ದಿಂಬಿಗೆ ಒರಗಿದ್ದರು. ಗುರುತು ಸಿಗದಷ್ಟು ಇಳಿದುಹೋಗಿದ್ದರು. ಹೇಗಿದ್ದೀ, ಮಕ್ಕಳು ಹೇಗಿದ್ದಾರೆ ಎಂದು ಕೇಳಿ, ಕಲಸಿದ್ದೀಯಾ ಎಂದು ಖಾತ್ರಿ ಮಾಡಿಕೊಂಡು, ಕಿಟಕಿಯ ಪರದೆ ಮುಚ್ಚಲು ಹೇಳಿದರು. ಬೆಳಕು ಸ್ಕ್ರೀನಿನ ಮೇಲೆ ಬೀಳಬಾರದು. ಲ್ಯಾಪ್‌ಟಾಪನ್ನು ಅವರ ತೊಡೆಯ ಮೇಲೆ ಇಡಲು ಹೋದೆ, ತೂಕ ತಡೆಯಲಿಲ್ಲ, ನಾನೇ ಹಿಡಿದುಕೊಂಡೆ. ಒಂದೊಂದೇ ಚಿತ್ರ ತೋರಿಸಿದೆ. ನಡುನಡುವೆ ಕಣ್ಣು ಮುಚ್ಚಿ ಸುಧಾರಿಸಿಕೊಳ್ಳುತ್ತಿದ್ದರು. ಇಲ್ಲ ಎಂದರು. ಇಲ್ಲ ಎಂದರು. ಒಂದಕ್ಕೆ ಐತಿ ಎಂದರು. ಮತ್ತೆ ಹಲವು ಇಲ್ಲ, ಮತ್ತೊಂದಕ್ಕೆ ಐತಿ. ಆ ಎರಡೂ ನಾನು ಮಾಡಿದ ಸುಳ್ಳುಗಳು. ಸುಳ್ಳು ಇದ್ದದ್ದೇ ಎರಡು. ಉಳಿದ ಪ್ರತಿಯೊಂದನ್ನೂ ಅವರು ಸರಿಯಾಗಿಯೇ ಹೇಳಿದ್ದರು.

ಚಿತ್ರ ಮುಗಿಯಿತು. ಮಗಳು ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ನಾನು ಬಾಯಿ ತೆರೆದೆ. ಅಕ್ಕ ನನ್ನ ಮುಂಗೈ ಹಿಡಿದರು.

"ಹೇಳಬ್ಯಾಡ ತಡಿ. ಎರಡೂ ನೀ ಹಾಕಿದ್ದು, ಹೌದಿಲ್ಲೋ?"

ನಾನು ಲ್ಯಾಪ್‌ಟಾಪ್ ಮುಚ್ಚಿದೆ.

"ಬಂದಿದ್ರ ನೀ ವಿಮಾನ ಹತ್ತೂಕಿಂತ ಮೊದಲ ಫೋನ್ ಮಾಡ್ತಿದ್ದಿ," ಎಂದರು. "ನೀ ಬಾಗಿಲದಾಗ ನಿಂತಾಗನ ನನಗ ತಿಳೀತು."

ಮತ್ತೆ ಇಷ್ಟು ಹೊತ್ತು ಕಷ್ಟಪಟ್ಟು ಯಾಕೆ ನೋಡಿದಿರಿ ಎಂದು ಕೇಳಿದೆ.

"ಕಣ್ಣು ಇನ್ನೂ ಛಲೋ ಅದಾವೋ ಇಲ್ಲೋ ನೋಡಬೇಕಾಗಿತ್ತವಾ. ಅದಾವು."

ಅಷ್ಟು ಹೇಳಿ ಅವರು ಮಲಗಿದರು. ಮಗಳು ಒಳಗೆ ಬಂದು ಹೊದಿಕೆ ಸರಿಮಾಡಿದಳು. ನನ್ನ ಕಡೆ ನೋಡಲಿಲ್ಲ. ನಾನು ಆ ವಾರದ ಕೊನೆಯ ತನಕ ಅಲ್ಲಿಯೇ ಇದ್ದೆ. ಆಮೇಲೆ ಅಕ್ಕ ನಕ್ಷತ್ರದ ಮಾತು ಎತ್ತಲೇ ಇಲ್ಲ. ನೀರು ಕೇಳಿದರು, ಕಾಲು ಒತ್ತಿಸಿಕೊಂಡರು, ಮೊಮ್ಮಗಳನ್ನು ಹತ್ತಿರ ಕೂರಿಸಿಕೊಂಡರು. ಜೀವ ಹೋದಾಗ ಮನೆಯವರೆಲ್ಲ ಸುತ್ತಲೂ ಇದ್ದೆವು. ಕ್ರಿಯೆಗಳಿಗೆ ಓಡಾಡಿದ್ದು, ಧಾರವಾಡಕ್ಕೆ ಫೋನ್ ಮಾಡಿದ್ದು, ಫ್ಲಾಟ್ ಖಾಲಿ ಮಾಡಿಸಿದ್ದು ಎಲ್ಲದರಲ್ಲೂ ನಾನಿದ್ದೆ. ಅಳು ಮಾತ್ರ ಬರಲಿಲ್ಲ. ನನ್ನ ಗಂಡ ಗಾಬರಿಯಾಗಿ ಒಂದೆರಡು ಸಲ ಕೇಳಿದರು ಕೂಡ.

ದೂರದರ್ಶಕದಲ್ಲಿ ಅಕ್ಕನ ಅರ್ಜಿಯ ಇನ್ನೊಂದು ಪಾಳಿ ಬಾಕಿ ಇತ್ತು. ಯಾರೂ ರದ್ದು ಮಾಡಿರಲಿಲ್ಲ. ಮೊನ್ನೆ ಆ ಚಿತ್ರಗಳೂ ಬಂದವು. ಕಲಸಿ ಯಾರಿಗೆ ಕೊಡಬೇಕೋ ಅವರೇ ಇರಲಿಲ್ಲ, ನಾನೇ ನೋಡಿದೆ. ಒಂದು ಚಿತ್ರದಲ್ಲಿ ಕೊಂಬುಗಳಿದ್ದವು. ಮಂಕಾಗಿದ್ದವು, ಆದರೆ ಎರಡಿದ್ದವು, ಒಂದು ಎತ್ತರ, ಒಂದು ಗಿಡ್ಡ. ಕುರ್ಚಿಯಿಂದ ಎದ್ದು ನಿಂತೆ. ಮತ್ತೆ ಮತ್ತೆ ನೋಡಿದೆ, ಇದ್ದವು. ಬಂತಲ್ಲ ಅಕ್ಕ ಎಂದು ಗಟ್ಟಿಯಾಗಿ ಹೇಳಿಯೂಬಿಟ್ಟೆ. ಇಡೀ ದಿನ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಸಂಜೆ ವಿಭಾಗಕ್ಕೆ ಬರೆಯಲು ಕೂತಾಗ ಕೈ ಮುಂದುವರಿಯಲಿಲ್ಲ.

ಕೆಲ್ಲಿವಿಲ್‌ಗೆ ಫೋನ್ ಮಾಡಿದೆ. ಕಲಸುವುದು ಹೇಗೆ ಎಂದು ಮಗಳಿಗೆ ಹೇಳಿಕೊಟ್ಟೆ. ಹಳೆಯ ಚಿತ್ರಗಳನ್ನೂ, ನನ್ನ ಹಳೆಯ ಸುಳ್ಳುಗಳನ್ನೂ, ಈ ಹೊಸ ಚಿತ್ರಗಳನ್ನೂ ಕಳಿಸಿದೆ. ಅವಳು ಯಾಕೆ ಎಂದು ಕೇಳಲಿಲ್ಲ. ಹೆಸರು ಅಳಿಸಿ, ಹಿಂದುಮುಂದು ಮಾಡಿ ಮರುದಿನ ವಾಪಸು ಕಳಿಸಿದಳು. ಶನಿವಾರ ಬೆಳಿಗ್ಗೆ ಅವಳನ್ನು ಫೋನಿನಲ್ಲಿಟ್ಟುಕೊಂಡು ನಾನು ಒಂದೊಂದನ್ನೇ ನೋಡಿ ಹೇಳುತ್ತಾ ಹೋದೆ. ಇದೆ, ಇಲ್ಲ, ಇಲ್ಲ, ಇದೆ, ಇಲ್ಲ. ಮುಗಿದ ಮೇಲೆ ಗುಟ್ಟು ಬಿಚ್ಚು ಎಂದೆ. ಅವಳು ಓದಿದಳು. ನಾನು ಇದೆ ಎಂದದ್ದೆಲ್ಲ ನನ್ನ ಹಳೆಯ ಸುಳ್ಳುಗಳೇ. ಮೊನ್ನೆ ಕೊಂಬು ಕಂಡು ನಾನು ಕುಣಿದಾಡಿದ್ದ ಆ ಚಿತ್ರವೂ ಅದರಲ್ಲಿತ್ತು. ಅದಕ್ಕೆ ನಾನು ಇಲ್ಲ ಎಂದಿದ್ದೆ, ಒಂದಿಷ್ಟೂ ಅನುಮಾನಿಸದೆ.

ಹಾಗಾದರೆ ಬಂದಿದೆಯೋ ಇಲ್ಲವೋ ಎಂದು ಅವಳು ಕೇಳಿದಳು.

"ಬಂದಿಲ್ಲ ಮಗಾ," ಎಂದೆ. ಹಾಗೆ ಹೇಳುವಾಗ ಅಕ್ಕ ಇನ್ನಿಲ್ಲ ಎಂಬುದು ಮೊದಲ ಸಲ ನನಗೆ ಅರ್ಥವಾಗಿ ಅಳು ಬಂತು. ಆ ಕಡೆಯಿಂದ ಅವಳೂ ಅಳುತ್ತಿದ್ದಳು. ಇಬ್ಬರೂ ಫೋನ್ ಇಡಲಿಲ್ಲ.